ಅಪ್ಪನ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಮತ್ತು ಹನ್ನೊಂದು ಫೋನ್ ಕರೆ: ಒಂದು ಸಹಾಯವಾಣಿ ಬಗ್ಗೆ ನನ್ನ ಅನಿಸಿಕೆ

ಮೊದಲ ಸಲ ಫೋನ್ ಮಾಡಿದಾಗ ಆ ಕಡೆಯ ನರ್ಸ್ ನನ್ನನ್ನು ಎರಡು ಮಾತು ಕೇಳಿದರು. "ಪಕ್ಕದಲ್ಲಿ ಯಾರಾದರೂ ಇದ್ದಾರಾ ಮೇಡಂ?" ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದೆ. ಹಾಗಂತ ಹೇಳಿದೆ. ಆಮೇಲೆ, "ಇವತ್ತು ಎಷ್ಟು ತಿಳಿದುಕೊಳ್ಳಬೇಕು ಅಂತಿದ್ದೀರಿ? ಎಲ್ಲಾ ಹೇಳಲಾ, ಇಲ್ಲಾ ಈಗಿನ ಮಟ್ಟಿಗೆ ಬೇಕಾದಷ್ಟು ಹೇಳಲಾ?" ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಹಿಂದಿನ ರಾತ್ರಿ ಮೊಬೈಲ್ ಹಿಡಿದು ಮೂರು ಗಂಟೆ ಹುಡುಕಿದ್ದೆ. ಮೊಬೈಲ್ ಕೇಳದೇ ಎಲ್ಲವನ್ನೂ ಹೇಳಿಬಿಟ್ಟಿತ್ತು.

ಇದು ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ, ಜೀರ್ಣರಸ ಮತ್ತು ಇನ್ಸುಲಿನ್ ಮಾಡುವ ಅಂಗ) ಕ್ಯಾನ್ಸರ್ ಬಂದವರಿಗೆ, ಅವರ ಮನೆಯವರಿಗೆ ಫೋನ್‌ನಲ್ಲಿ ಉತ್ತರ ಕೊಡುವ ಒಂದು ಸಹಾಯವಾಣಿ. ಉಚಿತ ಸೇವೆ. ಕ್ಯಾನ್ಸರ್ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನರ್ಸ್‌ಗಳು ಫೋನ್ ಎತ್ತುತ್ತಾರೆ. ಔಷಧ ಬರೆದುಕೊಡುವುದಿಲ್ಲ, ಡಾಕ್ಟರ್ ಹೇಳಿದ್ದನ್ನು ಬದಲಿಸುವುದಿಲ್ಲ. ಕೇಳಿದ್ದಕ್ಕೆ ಅರ್ಥವಾಗುವ ಹಾಗೆ ಉತ್ತರ ಕೊಡುತ್ತಾರೆ, ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಹೇಳಿಕೊಡುತ್ತಾರೆ. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಕೆಲವು ದೂರುಗಳೂ ಇವೆ, ಹೆಸರು ಹಿಡಿದು ದೂರುವ ಮನಸ್ಸಿಲ್ಲ. ಜೊತೆಗೆ ಇಂಥ ಸೇವೆಗಳು ಹಲವು ಇವೆ. ಯಾವುದಕ್ಕೆ ಫೋನ್ ಮಾಡಿದರೂ ಏನು ಸಿಗಬೇಕು, ಏನನ್ನು ನಾವೇ ಕೇಳಿ ಪಡೆಯಬೇಕು ಅನ್ನುವುದು ಓದುವವರಿಗೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ಒಂದು ವರ್ಷಕ್ಕೂ ಜಾಸ್ತಿ ಕಾಲದಲ್ಲಿ ಹನ್ನೊಂದು ಸಲ ಫೋನ್ ಮಾಡಿದ್ದೇವೆ. ಪ್ರತಿ ಸಲದ ಪ್ರಶ್ನೆ, ಉತ್ತರ ಎರಡೂ ಒಂದು ನೋಟ್‌ಬುಕ್‌ನಲ್ಲಿವೆ.

ಅಪ್ಪನಿಗೆ 67 ವರ್ಷ. 38 ವರ್ಷ ಲೇತ್ ಮೆಷಿನ್ ಮುಂದೆ ನಿಂತು ಕೆಲಸ ಮಾಡಿದವರು. ಕಣ್ಣು ಹಳದಿಯಾಯಿತು, ಮೂತ್ರ ಕಡು ಬಣ್ಣಕ್ಕೆ ತಿರುಗಿತು, ಮೈಯೆಲ್ಲಾ ತುರಿಕೆ. ಕಾಮಾಲೆ ಅಂದುಕೊಂಡೆವು. ಕಾಮಾಲೆ ಹೌದು, ಆದರೆ ಅದರ ಕಾರಣ ಲಿವರ್‌ನಲ್ಲಿ ಇರಲಿಲ್ಲ. ಪ್ಯಾಂಕ್ರಿಯಾಸ್‌ನ ತಲೆಯ ಭಾಗದಲ್ಲಿ ಗಡ್ಡೆ ಬೆಳೆದು ಪಿತ್ತನಾಳವನ್ನು ಒತ್ತಿತ್ತು. ಸ್ಕ್ಯಾನ್ ರಿಪೋರ್ಟ್ ನೋಡಿ ಅಪ್ಪ ಕೇಳಿದ್ದು ಒಂದೇ. "ಎಷ್ಟು ಮಿಲಿಮೀಟರ್?" 32.

ನನ್ನ ಮೊದಲ ಪ್ರಶ್ನೆ, ಎಲ್ಲರದೂ ಅದೇ ಇರಬೇಕು: ಎಷ್ಟು ದಿನ?

ರಾತ್ರಿ ಹುಡುಕಿದಾಗ ಕಣ್ಣಿಗೆ ಬಿದ್ದ ಅಂಕಿಯನ್ನು ನರ್ಸ್‌ಗೆ ಹೇಳಿದೆ. ಐದು ವರ್ಷ ಬದುಕುವವರು ನೂರಕ್ಕೆ 13 ಜನ. "ಆ ಅಂಕಿ ಸರಿಯಾಗೇ ಇದೆ ಮೇಡಂ. ಅದು ಅಮೆರಿಕದ ಲೆಕ್ಕ. ಆದರೆ ಅದರೊಳಗೆ ಯಾರ್ಯಾರು ಸೇರಿದ್ದಾರೆ ಅಂತ ನೋಡೋಣ" ಅಂದರು. ಆಮೇಲೆ ಅವರು ಹೇಳಿದ್ದನ್ನು ನಾನು ಹಾಗೇ ಬರೆದುಕೊಂಡೆ. ಆ 13 ಎಲ್ಲಾ ಹಂತದವರನ್ನು ಕೂಡಿಸಿ ತೆಗೆದದ್ದು. ಗಡ್ಡೆ ಪ್ಯಾಂಕ್ರಿಯಾಸ್ ದಾಟದೇ ಇದ್ದವರಲ್ಲಿ ನೂರಕ್ಕೆ ಸುಮಾರು 44 ಜನ ಐದು ವರ್ಷ ದಾಟುತ್ತಾರೆ. ಅಕ್ಕಪಕ್ಕಕ್ಕೆ ಹರಡಿದ್ದರೆ ಸುಮಾರು 16. ಲಿವರ್, ಶ್ವಾಸಕೋಶದಂಥ ದೂರದ ಅಂಗಕ್ಕೆ ಹೋಗಿದ್ದರೆ 3. ಅರ್ಧದಷ್ಟು ಜನರಿಗೆ ಗೊತ್ತಾಗುವ ಹೊತ್ತಿಗೆ ದೂರಕ್ಕೆ ಹರಡಿಯೇ ಇರುತ್ತದೆ. ಅದಕ್ಕೇ ಒಟ್ಟು ಲೆಕ್ಕ ಅಷ್ಟು ಕೆಳಗೆ ಕೂತಿದೆ. ಇನ್ನೊಂದು ವಿಷಯ, ಐದು ವರ್ಷದ ಲೆಕ್ಕ ಹಾಕಬೇಕಾದರೆ ಐದಾರು ವರ್ಷದ ಹಿಂದೆ ಕಾಯಿಲೆ ಬಂದವರನ್ನೇ ನೋಡಬೇಕು. ಇವತ್ತು ಚಿಕಿತ್ಸೆ ಶುರು ಮಾಡುವವರು ಆ ಲೆಕ್ಕದಲ್ಲಿ ಇಲ್ಲ. 1970ರ ದಶಕದಲ್ಲಿ ಅದೇ ಅಂಕಿ 3ರ ಆಸುಪಾಸಿನಲ್ಲಿತ್ತು.

"ಹಾಗಾದರೆ ನಮ್ಮಪ್ಪ ಯಾವುದರಲ್ಲಿ?" ಅಂದೆ.

"ಅದು ಇನ್ನೂ ಗೊತ್ತಿಲ್ಲ. ಗೊತ್ತಾಗುವ ಮೊದಲೇ ನಾನು ಅಂಕಿ ಹೇಳಿದರೆ ನೀವು ಅದನ್ನೇ ಹಿಡಿದುಕೊಂಡು ಕೂರುತ್ತೀರಿ. ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ, ಮತ್ತೆ ಸ್ಕ್ಯಾನ್ ಎರಡೂ ಮುಗಿಯಲಿ. ಆಗ ಮತ್ತೆ ಫೋನ್ ಮಾಡಿ."

ಈ ಉತ್ತರ ಸಿಕ್ಕಾಗ ನನಗೇನೂ ಸಮಾಧಾನ ಆಗಲಿಲ್ಲ. ಆದರೆ ಆ ರಾತ್ರಿ ನಿದ್ದೆ ಮಾಡಿದೆ. ಅಂಕಿ ಮುಚ್ಚಿಡಲಿಲ್ಲ, ಸಿಹಿ ಮಾಡಲಿಲ್ಲ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದರು. ಈ ಸೇವೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಸಂಬಂಧಿಕರೊಬ್ಬರು ಅದೇ ವಾರ "ಸ್ಟೀವ್ ಜಾಬ್ಸ್‌ಗೂ ಇದೇ ಇತ್ತಂತೆ, ಎಂಟು ವರ್ಷ ಬದುಕಿದರಂತೆ" ಅಂತ ಧೈರ್ಯ ಹೇಳಿದ್ದರು. ಎರಡನೇ ಕರೆಯಲ್ಲಿ ಅದನ್ನೂ ಕೇಳಿದೆ. ಅವರಿಗೆ 2003ರಲ್ಲಿ ಗೊತ್ತಾಗಿ 2011ರಲ್ಲಿ ತೀರಿಕೊಂಡದ್ದು ನಿಜ. ಆದರೆ ಅವರದು ನ್ಯೂರೋಎಂಡೋಕ್ರೈನ್ ಅನ್ನುವ ಬೇರೆ ಜಾತಿ. ಇನ್ಸುಲಿನ್‌ನಂಥ ಹಾರ್ಮೋನ್ ಮಾಡುವ ಜೀವಕೋಶಗಳಲ್ಲಿ ಹುಟ್ಟುವಂಥದ್ದು, ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಜನರಿಗೆ ಬರುವುದು ಅಡಿನೋಕಾರ್ಸಿನೋಮಾ, ಜೀರ್ಣರಸ ಸಾಗುವ ನಾಳದ ಒಳಪದರದಲ್ಲಿ ಹುಟ್ಟುವುದು. "ಬಯಾಪ್ಸಿ ರಿಪೋರ್ಟ್‌ನಲ್ಲಿ ಮೊದಲು ಆ ಪದ ಹುಡುಕಿ. ಎರಡಕ್ಕೂ ಚಿಕಿತ್ಸೆ ಬೇರೆ, ಮುಂದಿನ ದಾರಿಯೂ ಬೇರೆ" ಅಂದರು. ನಮ್ಮದು ಅಡಿನೋಕಾರ್ಸಿನೋಮಾ ಎಂದೇ ಬಂತು.

ಬಯಾಪ್ಸಿ ಬಗ್ಗೆ ಅಮ್ಮನಿಗೆ ದೊಡ್ಡ ಹೆದರಿಕೆ ಇತ್ತು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅಂತ. ಇದಕ್ಕೆ ನರ್ಸ್ ಅಮ್ಮನ ಹತ್ತಿರವೇ ಮಾತಾಡಿದರು. ಬಾಯಿಯಿಂದ ಟ್ಯೂಬ್ ಇಳಿಸಿ, ಹೊಟ್ಟೆಯ ಒಳಗಿನಿಂದಲೇ ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ತೆಳು ಸೂಜಿ ಹಾಕುತ್ತಾರೆ, ಹಾಗೆ ಹರಡುವುದು ತೀರಾ ಅಪರೂಪ, ಯಾವ ಜಾತಿ ಅಂತ ಗೊತ್ತಾಗದೇ ಕೀಮೋ ಕೊಡಲು ಆಗುವುದಿಲ್ಲ. ಐದು ನಿಮಿಷದ ಮಾತು. ಅಮ್ಮ ಒಪ್ಪಿದರು.

ಸಿಎ 19-9 ಅನ್ನುವ ರಕ್ತ ಪರೀಕ್ಷೆಯ ಬಗ್ಗೆಯೂ ಅಷ್ಟೇ ಚುಟುಕಾಗಿ ಹೇಳಿದರು. ಈ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಸಾಮಾನ್ಯವಾಗಿ ಏರುವ ಒಂದು ವಸ್ತುವಿನ ಅಳತೆ ಅದು. ನಮಗೆ ಮೊದಲು ಬಂದ ಅಂಕಿ ನೋಡಿ ಗಾಬರಿಯಾಗಿದ್ದೆವು. ಪಿತ್ತನಾಳ ಕಟ್ಟಿಕೊಂಡಿದ್ದಾಗ ಅದು ಹೇಗೂ ಏರುತ್ತದೆ, ಸ್ಟೆಂಟ್ (ನಾಳವನ್ನು ತೆರೆದಿಡುವ ಚಿಕ್ಕ ಕೊಳವೆ) ಹಾಕಿ ಕಾಮಾಲೆ ಇಳಿದ ಮೇಲೆ ಮಾಡಿಸಿದ್ದನ್ನೇ ಹಿಡಿಯಬೇಕು. ಕೆಲವರ ದೇಹ ಆ ವಸ್ತುವನ್ನು ಮಾಡುವುದೇ ಇಲ್ಲ, ಅವರಿಗೆ ಕ್ಯಾನ್ಸರ್ ಇದ್ದರೂ ಅಂಕಿ ಏರುವುದಿಲ್ಲ. ಒಂದು ಸಲದ ಅಂಕಿಗಿಂತ ಅದು ತಿಂಗಳಿಂದ ತಿಂಗಳಿಗೆ ಎತ್ತ ಹೋಗುತ್ತಿದೆ ಅನ್ನುವುದು ಮುಖ್ಯ.

ಮೂರನೇ ಕರೆಯ ಪ್ರಶ್ನೆ ಕೇಳಲು ನನಗೆ ಎರಡು ವಾರ ಬೇಕಾಯಿತು. ನಾವು ತಡ ಮಾಡಿದೆವಾ?

ಅಪ್ಪನಿಗೆ ಕಾಮಾಲೆ ಬರುವ ಏಳು ತಿಂಗಳ ಮೊದಲು ಸಕ್ಕರೆ ಕಾಯಿಲೆ ಶುರುವಾಗಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಪ್ಪ ದಪ್ಪಗೂ ಇರಲಿಲ್ಲ. ಅದೇ ಸಮಯಕ್ಕೆ ತೂಕ ಇಳಿಯಿತು. ಸಕ್ಕರೆ ಬಂತಲ್ಲ, ಊಟ ಕಡಿಮೆ ಮಾಡಿದ್ದಾರೆ, ಅದಕ್ಕೇ ಇಳಿದಿದೆ ಅಂದುಕೊಂಡೆವು. ಇಳಿದದ್ದು ಒಳ್ಳೆಯದೇ ಅಂತ ನಾನೇ ಹೇಳಿದ್ದೆ. ಬೆನ್ನು ನೋವಿಗೆ ನೋವಿನ ಮಾತ್ರೆ ನುಂಗುತ್ತಿದ್ದರು. ಲೇತ್ ಮುಂದೆ ನಿಂತ ಬೆನ್ನು, ನೋಯದೇ ಇರುತ್ತದಾ ಅಂತ ಅವರೇ ಅನ್ನುತ್ತಿದ್ದರು.

ಆ ದಿನ ಫೋನ್ ಎತ್ತಿದವರು ಬೇರೆ ನರ್ಸ್, ಸ್ವಲ್ಪ ವಯಸ್ಸಾದವರ ದನಿ. ನಾನು ಹೇಳುವುದನ್ನೆಲ್ಲಾ ಹೇಳಲು ಬಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. ಪ್ಯಾಂಕ್ರಿಯಾಸ್ ಸುಮಾರು 15 ಸೆಂಟಿಮೀಟರ್ ಉದ್ದ, ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡಗಿ ಕೂತಿರುತ್ತದೆ. ಹೊರಗಿನಿಂದ ಕೈಗೆ ಸಿಗುವುದಿಲ್ಲ. ಸ್ತನ ಕ್ಯಾನ್ಸರ್‌ಗೆ ಇರುವ ಹಾಗೆ ಎಲ್ಲರಿಗೂ ಮಾಡಿಸುವ ತಪಾಸಣೆ ಇದಕ್ಕೆ ಇಲ್ಲ. ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಬಂದವರಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಕಾಣಿಸಿಕೊಳ್ಳುವುದು ನೂರಕ್ಕೆ ಸುಮಾರು ಒಬ್ಬರಿಗೆ. ಹಾಗಾಗಿ ಸಕ್ಕರೆ ಬಂದ ಎಲ್ಲರಿಗೂ ಸ್ಕ್ಯಾನ್ ಮಾಡುವುದಿಲ್ಲ. ಆದರೆ ಹೊಸ ಸಕ್ಕರೆಯ ಜೊತೆ ಕಾರಣವಿಲ್ಲದೆ ತೂಕ ಇಳಿದರೆ ಡಾಕ್ಟರಿಗೆ ಅದನ್ನು ಬಿಡಿಸಿ ಹೇಳಬೇಕು. "ಇದು ನಿಮಗೆ ಇವತ್ತು ಗೊತ್ತಾಗಿದೆ. ಏಳು ತಿಂಗಳ ಹಿಂದೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನಿಮ್ಮನ್ನು ನೀವು ಶಿಕ್ಷಿಸಬೇಡಿ ಮೇಡಂ."

"ಆಗಲೇ ಸ್ಕ್ಯಾನ್ ಮಾಡಿಸಿದ್ದರೆ ವಾಸಿಯಾಗುತ್ತಿತ್ತಾ?" ಅಂತ ಮತ್ತೆ ಕೇಳಿದೆ. ಸುಮ್ನೆ 'ಇಲ್ಲ' ಅಂದುಬಿಡಬಹುದಿತ್ತು. ಅವರು ಹಾಗನ್ನಲಿಲ್ಲ. "ಆಗುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು" ಅಂದರು. ಈ ಮಾತು ನನಗೆ ಕಷ್ಟವಾಯಿತು. ಆದರೂ ಸುಳ್ಳು ಸಮಾಧಾನ ಹೇಳಿದ್ದರೆ ನಾನು ಮತ್ತೆ ಆ ನಂಬರ್‌ಗೆ ಫೋನ್ ಮಾಡುತ್ತಿರಲಿಲ್ಲ ಅನ್ನಿಸುತ್ತದೆ. ಇದನ್ನು ಓದುತ್ತಿರುವವರ ಮನೆಯಲ್ಲಿ ಯಾರಿಗಾದರೂ ಹೊಸ ಸಕ್ಕರೆ, ಇಳಿಯುತ್ತಿರುವ ತೂಕ, ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹೋಗುವ ನೋವು ಒಟ್ಟಿಗೆ ಇದ್ದರೆ ದಯವಿಟ್ಟು ಮೂರನ್ನೂ ಒಂದೇ ಸಲ ಡಾಕ್ಟರಿಗೆ ಹೇಳಿ. ನಾವು ಬೇರೆ ಬೇರೆ ದಿನ ಬೇರೆ ಬೇರೆಯಾಗಿ ಹೇಳಿದ್ದೆವು.

ಇಷ್ಟು ಹೊಗಳಿದ ಮೇಲೆ, ಈ ಸೇವೆ ಸೋತ ಜಾಗ ಹೇಳಬೇಕು.

ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಸೇರಿದ್ದೂ ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬರ, ದಿನಕ್ಕೆ ನಾಲ್ಕೈದು ಸಲ ಬೇಧಿ. ಮಲ ತೇಲುತ್ತಿತ್ತು, ಎಣ್ಣೆಯ ಪಸೆ, ಎಷ್ಟು ನೀರು ಹಾಕಿದರೂ ಹೋಗುತ್ತಿರಲಿಲ್ಲ. ಅಪ್ಪನಿಗೆ ಇದು ನಾಚಿಕೆ. ನನಗೆ ಹೇಳಲೇ ಇಲ್ಲ, ಅಮ್ಮನಿಗೆ ಮಾತ್ರ ಗೊತ್ತಿತ್ತು. ಕ್ಯಾನ್ಸರ್ ಅಂದರೆ ಹೀಗೇ ಸೊರಗುವುದು ಅಂತ ನಾವು ಒಪ್ಪಿಕೊಂಡುಬಿಟ್ಟಿದ್ದೆವು. ಮೂರು ಸಲ ಫೋನ್ ಮಾಡಿದ್ದೆ. ಮೂರು ಸಲವೂ ತೂಕದ ಮಾತು ಬಂದಿತ್ತು. ಆದರೆ ಆ ಕಡೆಯವರು ಒಬ್ಬರೂ ಮಲದ ಬಗ್ಗೆ ಕೇಳಲಿಲ್ಲ. ನಾಲ್ಕನೇ ಕರೆಯಲ್ಲಿ ನಾನು ಬೇರೇನೋ ಕೇಳುತ್ತಿದ್ದಾಗ ಅಮ್ಮ ಫೋನ್ ಇಸಿದುಕೊಂಡು ಹೇಳಿಬಿಟ್ಟರು. ನರ್ಸ್ ಒಂದು ಕ್ಷಣ ಸುಮ್ಮನಾದರು. "ಇದನ್ನು ನಾವು ಮೊದಲೇ ಕೇಳಬೇಕಿತ್ತು. ನಮ್ಮ ತಪ್ಪು" ಅಂದರು.

ಪ್ಯಾಂಕ್ರಿಯಾಸ್ ಮಾಡುವ ಜೀರ್ಣರಸ ಇಲ್ಲದೆ ಜಿಡ್ಡು ಅರಗುವುದಿಲ್ಲ. ಗಡ್ಡೆ ಆ ರಸದ ನಾಳವನ್ನೂ ಕಟ್ಟಿರುತ್ತದೆ. ತಿಂದದ್ದು ಹಾಗೇ ಹೊರಗೆ ಹೋಗುತ್ತದೆ. ಇದಕ್ಕೆ ಎನ್‌ಜೈಮ್ ಕ್ಯಾಪ್ಸೂಲ್ ಇದೆ. ಎಷ್ಟು ಬೇಕು ಅಂತ ಡಾಕ್ಟರ್ ಬರೆಯಬೇಕು. ಅಪ್ಪನಿಗೆ ಪೂರ್ತಿ ಊಟಕ್ಕೆ 50,000 ಯೂನಿಟ್, ನಡುವೆ ಏನಾದರೂ ತಿಂದರೆ 25,000 ಅಂತ ಶುರು ಮಾಡಿದರು. ನುಂಗುವ ಕ್ರಮ ಮಾತ್ರ ನರ್ಸ್ ಹೇಳಿಕೊಟ್ಟದ್ದು. ಊಟಕ್ಕೆ ಅರ್ಧ ಗಂಟೆ ಮೊದಲು ಅಲ್ಲ, ಊಟ ಆದ ಮೇಲೂ ಅಲ್ಲ. ಮೊದಲ ತುತ್ತಿನ ಜೊತೆ ಒಂದು. ಎರಡು ಕ್ಯಾಪ್ಸೂಲ್ ಇದ್ದರೆ ಇನ್ನೊಂದು ಊಟದ ನಡುವೆ. ಅಗಿಯಬಾರದು. ಬಿಸಿ ಬಿಸಿ ಕುಡಿಯುವುದರ ಜೊತೆ ನುಂಗಬಾರದು, ಬಿಸಿಗೆ ಎನ್‌ಜೈಮ್ ಕೆಡುತ್ತದೆ. ಹಂದಿಯ ಪ್ಯಾಂಕ್ರಿಯಾಸ್‌ನಿಂದ ತೆಗೆದದ್ದು ಅನ್ನುವುದನ್ನೂ ಅವರಾಗಿಯೇ ಹೇಳಿದರು, ಆಮೇಲೆ ಗೊತ್ತಾಗಿ ಬೇಸರ ಆಗಬಾರದು ಅಂತ. ಅಪ್ಪ ಎರಡು ನಿಮಿಷ ಯೋಚಿಸಿ, "ಕೊಡು" ಅಂದರು.

ಹತ್ತು ದಿನದಲ್ಲಿ ಬೇಧಿ ನಿಂತಿತು. ಮೂರು ವಾರದಲ್ಲಿ ತೂಕ ಇಳಿಯುವುದು ನಿಂತಿತು. ಒಂದೂವರೆ ಕಿಲೋ ಏರಿತು ಕೂಡ. ಕ್ಯಾನ್ಸರ್ ಹಾಗೇ ಇತ್ತು. ಆದರೆ ಅಪ್ಪ ಬಾಗಿಲ ತನಕ ನಡೆದು ಬಂದು ನನ್ನನ್ನು ಕಳಿಸಿಕೊಡುವಷ್ಟಾದರು. ಮೈಯಲ್ಲಿ ಶಕ್ತಿ ಇಲ್ಲದಿದ್ದರೆ ಗಟ್ಟಿ ಕೀಮೋ ಕೊಡುವುದಿಲ್ಲ. ಹಾಗಾಗಿ ಆ ಕ್ಯಾಪ್ಸೂಲ್ ಅಪ್ಪನ ಚಿಕಿತ್ಸೆಯ ಅರ್ಧ ಭಾಗ ಅಂತಲೇ ನಾನು ಅಂದುಕೊಂಡಿದ್ದೇನೆ. ಇಷ್ಟು ದೊಡ್ಡ ವಿಷಯ ನಾಲ್ಕನೇ ಕರೆಯವರೆಗೆ ಬರಲಿಲ್ಲವಲ್ಲ ಅನ್ನುವ ಸಂಕಟ ನನಗೆ ಇನ್ನೂ ಇದೆ. ಯಾವ ಸಹಾಯವಾಣಿಗೆ ಫೋನ್ ಮಾಡಿದರೂ ಮೊದಲ ದಿನವೇ ಕೇಳಿ: "ಎನ್‌ಜೈಮ್ ಕ್ಯಾಪ್ಸೂಲ್ ಬೇಕಾ?" ಅವರು ಕೇಳುವ ತನಕ ಕಾಯಬೇಡಿ. ಮಲದ ಬಣ್ಣ, ವಾಸನೆ, ತೇಲುತ್ತದಾ ಮುಳುಗುತ್ತದಾ ಎಲ್ಲಾ ಹೇಳಿ. ಇದರಲ್ಲಿ ನಾಚಿಕೆ ಬೇಡ.

ಐದನೇ ಕರೆ ಅಪ್ಪ ತಾವೇ ಮಾಡಿದರು. ನಾನು ಪಕ್ಕದಲ್ಲಿ ಕೂತಿದ್ದೆ, ಸ್ಪೀಕರ್ ಹಾಕಿದ್ದರು.

"ಸಿಸ್ಟರ್, 32 ಮಿಲಿಮೀಟರ್ ಇದೆ. ದೊಡ್ಡದೇನಲ್ಲ. ಯಾಕೆ ಕತ್ತರಿಸಿ ತೆಗೆಯುವುದಿಲ್ಲ?"

ನರ್ಸ್ ಅಪ್ಪನಿಗೆ ಹೇಳಿದ ರೀತಿ ನನಗೆ ಹೇಳುತ್ತಿದ್ದ ರೀತಿಗಿಂತ ಬೇರೆ ಇತ್ತು. ನೇರ, ಚಿಕ್ಕ ಚಿಕ್ಕ ಮಾತು. ಗಾತ್ರಕ್ಕಿಂತ ಜಾಗ ಮುಖ್ಯ. ಕರುಳಿನಿಂದ ರಕ್ತ ತರುವ ದೊಡ್ಡ ರಕ್ತನಾಳ ಪ್ಯಾಂಕ್ರಿಯಾಸ್‌ಗೆ ಅಂಟಿಕೊಂಡೇ ಹೋಗುತ್ತದೆ. ನಿಮ್ಮ ಗಡ್ಡೆ ಅದಕ್ಕೆ ತಾಗಿದೆ. ಈಗಲೇ ಕೊಯ್ದರೆ ಅಂಚಿನಲ್ಲಿ ಉಳಿದುಬಿಡಬಹುದು. ಅದಕ್ಕೆ ಮೊದಲು ಕೀಮೋ, ಆಮೇಲೆ ಮತ್ತೆ ಸ್ಕ್ಯಾನ್. ಹಿಂದಕ್ಕೆ ಸರಿದರೆ ಆಪರೇಷನ್.

"ಅಂದರೆ ಟಾಲರೆನ್ಸ್ ಇಲ್ಲ" ಅಂದರು ಅಪ್ಪ. ಲೇತ್ ಕೆಲಸದಲ್ಲಿ ಅಳತೆ ಎಷ್ಟು ಹೆಚ್ಚುಕಡಿಮೆ ಆದರೂ ನಡೆಯುತ್ತದೆ ಅನ್ನುವುದಕ್ಕೆ ಆ ಮಾತು.

"ಹೌದು ಸರ್. ಅಂಚು ಪೂರ್ತಿ ಚೊಕ್ಕ ಬರಬೇಕು."

ಅಪ್ಪನಿಗೆ ಅರ್ಥವಾಯಿತು. ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಕೆಲಸದ ಭಾಷೆಯಲ್ಲಿ ಹೇಳಿದ್ದಕ್ಕೆ ಅವರಿಗೆ ತುಂಬಾ ಗೌರವ ಕೊಟ್ಟ ಹಾಗೆ ಆಯಿತು. ಆಪರೇಷನ್ ಬಗ್ಗೆಯೂ ಕೇಳಿದರು. ವಿಪಲ್ ಅಂತ ಅದರ ಹೆಸರು. ಅಮೆರಿಕದ ಅಲೆನ್ ವಿಪಲ್ ಅನ್ನುವ ಸರ್ಜನ್ 1935ರಲ್ಲಿ ಅದರ ಬಗ್ಗೆ ಪ್ರಕಟಿಸಿದ್ದರಿಂದ ಆ ಹೆಸರು. ಪ್ಯಾಂಕ್ರಿಯಾಸ್‌ನ ತಲೆ, ಸಣ್ಣ ಕರುಳಿನ ಮೊದಲ ತುಂಡು, ಪಿತ್ತಕೋಶ, ಪಿತ್ತನಾಳದ ಒಂದು ಭಾಗ ತೆಗೆದು ಉಳಿದದ್ದನ್ನು ಮತ್ತೆ ಜೋಡಿಸುತ್ತಾರೆ. ಗೊತ್ತಾದಾಗಲೇ ಆಪರೇಷನ್ ಮಾಡಬಹುದಾದ ಸ್ಥಿತಿಯಲ್ಲಿ ಇರುವವರು ನೂರಕ್ಕೆ 15ರಿಂದ 20 ಜನ ಮಾತ್ರ. ವರ್ಷಕ್ಕೆ ಇಂಥ ಆಪರೇಷನ್ ಜಾಸ್ತಿ ಮಾಡುವ ಆಸ್ಪತ್ರೆಯಲ್ಲಿ ಅಪಾಯ ಕಡಿಮೆ, ಆದ್ದರಿಂದ "ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ?" ಅಂತ ಸರ್ಜನ್‌ರನ್ನು ಕೇಳಿ, ಅದು ಅಗೌರವ ಅಲ್ಲ ಅಂದರು. ಆಪರೇಷನ್ ಆದ ಮೇಲೂ ಕೀಮೋ ಬೇಕು. 2018ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಆಪರೇಷನ್ ನಂತರ ನಾಲ್ಕು ಔಷಧ ಸೇರಿದ ಕೀಮೋ ತೆಗೆದುಕೊಂಡವರಲ್ಲಿ ಅರ್ಧ ಜನ 54 ತಿಂಗಳಿಗೂ ಜಾಸ್ತಿ ಬದುಕಿದ್ದರು. ಹಳೆಯ ಒಂದೇ ಔಷಧ ತೆಗೆದುಕೊಂಡವರಲ್ಲಿ ಅದು 35 ತಿಂಗಳು. ಅಪ್ಪ ಆ ಎರಡು ಅಂಕಿಗಳನ್ನು ಹಾಸಿಗೆ ಪಕ್ಕದ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡರು.

ಕೀಮೋ ಶುರುವಾಯಿತು. ಫೋಲ್ಫಿರಿನಾಕ್ಸ್ ಅನ್ನುವ ಅದೇ ನಾಲ್ಕು ಔಷಧದ ಸೆಟ್, ಎರಡು ವಾರಕ್ಕೊಮ್ಮೆ. ಆಸ್ಪತ್ರೆಯಲ್ಲಿ ಕೆಲವು ಗಂಟೆ, ಆಮೇಲೆ ಸೊಂಟಕ್ಕೆ ಒಂದು ಚಿಕ್ಕ ಪಂಪ್ ಕಟ್ಟಿಕೊಂಡು ಮನೆಗೆ. 46 ಗಂಟೆ ಅದು ಔಷಧ ಬಿಡುತ್ತಲೇ ಇರುತ್ತದೆ. ಈ ಹಂತದಲ್ಲಿ ಸಹಾಯವಾಣಿಯ ಸಲಹೆ ಚೆನ್ನಾಗಿತ್ತು. ತಣ್ಣನೆಯ ವಸ್ತು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ಫ್ರಿಜ್‌ಗೆ ಕೈ ಹಾಕಿಸಬೇಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ ಬೆಳಗಾಗುವ ತನಕ ಕಾಯದೇ ಆಸ್ಪತ್ರೆಗೆ ಹೋಗಿ. ಒಂದು ಕಾಲು ಮಾತ್ರ ಊದಿಕೊಂಡರೆ ಅದೇ ದಿನ ತೋರಿಸಿ, ಈ ಕ್ಯಾನ್ಸರ್‌ನಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ. ಜ್ವರದ ಮಾತು ನಮಗೆ ಎರಡು ಸಲ ಉಪಯೋಗಕ್ಕೆ ಬಂತು. ಒಮ್ಮೆ ಸ್ಟೆಂಟ್ ಕಟ್ಟಿಕೊಂಡು ಸೋಂಕಾಗಿತ್ತು.

ಆದರೆ ಆ ಜ್ವರ ಬಂದದ್ದು ಶನಿವಾರ ರಾತ್ರಿ. ಸಹಾಯವಾಣಿ ವಾರದ ಕೊನೆಯಲ್ಲಿ ಮುಚ್ಚಿರುತ್ತದೆ. ಮೊದಲೇ ಹೇಳಿದ್ದು ನೆನಪಿದ್ದರಿಂದ ನಾವು ನೇರ ಆಸ್ಪತ್ರೆಗೆ ಹೋದೆವು. ನೆನಪಿಲ್ಲದಿದ್ದರೆ? ಕೀಮೋ ನಡೆಯುವವರಿಗೆ ರಾತ್ರಿ, ರಜೆ ಅಂತ ಇಲ್ಲ. ಮುಚ್ಚಿರುವ ಹೊತ್ತಿನಲ್ಲಿ ಫೋನ್ ಮಾಡಿದರೆ ಕೇಳಿಸುವ ಧ್ವನಿಯಲ್ಲಿ ಸಂಗೀತ ಹಾಕುವ ಬದಲು "ಜ್ವರ ಇದ್ದರೆ ಈಗಲೇ ಆಸ್ಪತ್ರೆಗೆ ಹೋಗಿ" ಅನ್ನುವ ಒಂದು ವಾಕ್ಯ ಹಾಕಿದರೂ ಸಾಕು. ಇದನ್ನು ಅವರಿಗೆ ಬರೆದು ಕಳಿಸಿದ್ದೇನೆ.

ಇನ್ನೊಂದು ದೂರು ಏಳನೇ ಕರೆಯದು. ಆರು ಸುತ್ತು ಕೀಮೋ ಆದ ಮೇಲಿನ ಸ್ಕ್ಯಾನ್‌ನಲ್ಲಿ ಲಿವರ್ ಮೇಲೆ ಮೂರು ಚಿಕ್ಕ ಚುಕ್ಕೆ ಕಂಡವು. ಆಪರೇಷನ್ ಇಲ್ಲ ಅಂತ ಆಯಿತು. ಅವತ್ತು ಫೋನ್ ಎತ್ತಿದವರು ಹೊಸಬರು. ಎದುರಿಗೆ ಏನೋ ಇಟ್ಟುಕೊಂಡು ಓದುತ್ತಿದ್ದ ಹಾಗಿತ್ತು. ನಾನು ಅಳುತ್ತಿದ್ದೆ, ಅವರು ನಾಲ್ಕನೇ ಹಂತ ಎಂದರೇನು ಅನ್ನುವುದರ ವಿವರಣೆ ಓದುತ್ತಾ ಹೋದರು. ತಪ್ಪು ಒಂದೂ ಇರಲಿಲ್ಲ. ನನಗೆ ಬೇಕಾಗಿದ್ದು ಅದಾಗಿರಲಿಲ್ಲ. ಅರ್ಧಕ್ಕೇ ಇಟ್ಟುಬಿಟ್ಟೆ. ಮಾರನೇ ದಿನ ಹಳೆಯ ನರ್ಸ್ ತಾವೇ ಫೋನ್ ಮಾಡಿದರು. ಕರೆ ಅರ್ಧಕ್ಕೆ ನಿಂತದ್ದನ್ನು ಯಾರೋ ಬರೆದಿಟ್ಟಿದ್ದರಂತೆ. ಆ ವ್ಯವಸ್ಥೆ ಇದೆಯಲ್ಲ, ಅದು ದೊಡ್ಡದು.

ಅವತ್ತು ನಾನು ಮತ್ತೆ ಮೊದಲ ಪ್ರಶ್ನೆಯನ್ನೇ ಕೇಳಿದೆ. ಈಗ ಉತ್ತರ ಕೊಡುವಷ್ಟು ವಿಷಯ ಅವರ ಹತ್ತಿರ ಇತ್ತು. ಮತ್ತೆ ಕೇಳಿದರು, "ಅಂಕಿ ಬೇಕಾ?" ಬೇಕು ಅಂದೆ. ದೂರಕ್ಕೆ ಹರಡಿದವರಲ್ಲಿ ಮೊದಲ ಚಿಕಿತ್ಸೆಯಾಗಿ ಫೋಲ್ಫಿರಿನಾಕ್ಸ್ ಕೊಟ್ಟು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಡುವಿನ ಲೆಕ್ಕ 11.1 ತಿಂಗಳು, ಹಳೆಯ ಔಷಧ ಜೆಮ್‌ಸಿಟಾಬಿನ್ ಒಂದನ್ನೇ ಕೊಟ್ಟವರಲ್ಲಿ 6.8. ನಡುವಿನ ಲೆಕ್ಕ ಅಂದರೆ ಅರ್ಧ ಜನ ಅದಕ್ಕಿಂತ ಮೊದಲು, ಅರ್ಧ ಜನ ಅದಾದ ಮೇಲೆ. ನಿಮ್ಮ ತಂದೆಗೆ ಆ ಕೀಮೋ ನಡೆಯುವಾಗಲೇ ಹರಡಿದೆ, ಹಾಗಾಗಿ ಇನ್ನೂ ಕಡಿಮೆ ಇರಬಹುದು. ವರ್ಷಗಳಲ್ಲಿ ಯೋಚಿಸಬೇಡಿ, ತಿಂಗಳುಗಳಲ್ಲಿ ಯೋಚಿಸಿ. ಇಷ್ಟು ಹೇಳಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಫೋನೂ ಇಡಲಿಲ್ಲ.

ಆಮೇಲೆ ಅವರು ಕೇಳಿದ್ದು: "ನಿಮ್ಮ ತಂದೆಗೆ ಇದು ಎಷ್ಟು ಗೊತ್ತಿರಬೇಕು ಅಂತ ಅವರನ್ನೇ ಕೇಳಿದ್ದೀರಾ?" ಕೇಳಿರಲಿಲ್ಲ. ನಾನು, ಅಮ್ಮ, ತಮ್ಮ ಮೂವರೂ ಸೇರಿ ಅಪ್ಪನಿಗೆ ಹೇಳುವುದು ಬೇಡ ಅಂತ ತೀರ್ಮಾನ ಮಾಡಿಕೊಂಡಿದ್ದೆವು. ಅವತ್ತು ಸಂಜೆ ಕೇಳಿದೆ. ಅಪ್ಪ ಕ್ಯಾಲೆಂಡರ್ ತೋರಿಸಿದರು. 54, 35 ಎರಡನ್ನೂ ಅವರೇ ರಬ್ಬರ್‌ನಲ್ಲಿ ಅಳಿಸಿದ್ದರು. "ಆಪರೇಷನ್ ಇಲ್ಲ ಅಂದಾಗಲೇ ಗೊತ್ತಾಯಿತು ಪುಟ್ಟೀ. ನೀವು ಮೂವರು ಅಡುಗೆಮನೆಯಲ್ಲಿ ಪಿಸುಗುಡುವುದು ನಿಲ್ಲಿಸಿ, ಇಲ್ಲೇ ಬಂದು ಮಾತಾಡಿ" ಅಂದರು.

ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ಸಂಕಟ ಕಡಿಮೆ ಮಾಡಿ ನೋಡಿಕೊಳ್ಳುವ ತಂಡವನ್ನು ಆಗಲೇ ಸೇರಿಸಿಕೊಳ್ಳಿ ಅಂತ ಸಹಾಯವಾಣಿಯವರು ಒತ್ತಿ ಹೇಳಿದರು. ಕೊನೆಯ ವಾರದ ವ್ಯವಸ್ಥೆ ಅದು ಅಂತ ನಾವು ತಿಳಿದಿದ್ದೆವು. ಕೀಮೋ ಜೊತೆಜೊತೆಗೇ ನಡೆಯುತ್ತದೆ. ಅಪ್ಪನ ಬೆನ್ನು ನೋವಿಗೆ ಮಾರ್ಫಿನ್ ಶುರು ಮಾಡಿದ್ದು ಆ ತಂಡ. ಮಾರ್ಫಿನ್ ಅಂದರೆ ಚಟ ಹತ್ತುತ್ತದೆ ಅನ್ನುವ ಭಯ ತಮ್ಮನಿಗೆ. ನೋವಿಗೆ ಅಂತ ಡಾಕ್ಟರ್ ಹೇಳಿದ ಅಳತೆಯಲ್ಲಿ ಕೊಟ್ಟರೆ ಆ ಭಯ ಬೇಡ, ಆದರೆ ಮಲಬದ್ಧತೆಗೆ ಔಷಧವನ್ನು ಮೊದಲ ದಿನದಿಂದಲೇ ಕೊಡಿ ಅಂದರು. ಮಾತ್ರೆಗೂ ಜಗ್ಗದಿದ್ದಾಗ ಪ್ಯಾಂಕ್ರಿಯಾಸ್ ಹಿಂದಿನ ನರಗಳ ಗಂಟಿಗೆ ಇಂಜೆಕ್ಷನ್ ಕೊಟ್ಟು ನೋವು ತಡೆಯುವ ಒಂದು ವಿಧಾನ ಇದೆ, ಕೇಳಿ ನೋಡಿ ಅಂತ ಸೂಚಿಸಿದ್ದೂ ಅವರೇ. ಕೇಳಿದೆವು, ಮಾಡಿದರು. ಅದಾದ ಮೇಲೆ ಅಪ್ಪ ಎಷ್ಟೋ ತಿಂಗಳ ನಂತರ ಅಂಗಾತ ಮಲಗಿ ನಿದ್ದೆ ಮಾಡಿದರು.

ಅಪ್ಪ ಹದಿಮೂರನೇ ತಿಂಗಳು ಮನೆಯಲ್ಲೇ ಹೋದರು. ನೋವಿರಲಿಲ್ಲ.

ಯಾವಾಗ ಫೋನ್ ಮಾಡಬೇಕು ಅಂದರೆ, ರಿಪೋರ್ಟ್ ಕೈಗೆ ಬಂದ ದಿನವೇ ಮಾಡಿ. ರಿಪೋರ್ಟ್ ಎದುರಿಗೆ ಇಟ್ಟುಕೊಳ್ಳಿ, ಪ್ರಶ್ನೆ ಬರೆದುಕೊಂಡಿರಿ, ಹೇಳಿದ್ದನ್ನೂ ಬರೆದುಕೊಳ್ಳಿ. ಬೆಳಗಿನ ಹೊತ್ತು ಬೇಗ ಸಿಗುತ್ತಾರೆ, ಮಧ್ಯಾಹ್ನ ನಾನು ಒಮ್ಮೆ 40 ನಿಮಿಷ ಕಾದಿದ್ದೇನೆ. ಕಾಯಿಲೆ ಬಂದವರಿಗೂ ಒಮ್ಮೆ ಫೋನ್ ಕೊಡಿ. ಮನೆಯವರು ಕೇಳುವ ಪ್ರಶ್ನೆ ಬೇರೆ, ಅವರು ಕೇಳುವುದೇ ಬೇರೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಕಡಿಮೆಯಾದ ಒಂದು ಸ್ಟಾರ್ ಎನ್‌ಜೈಮ್ ಕ್ಯಾಪ್ಸೂಲ್‌ಗೆ.

ಹನ್ನೊಂದನೇ ಕರೆ ಅಪ್ಪ ಹೋದ ಆರು ವಾರಕ್ಕೆ ಮಾಡಿದೆ. ಇದು ನಮಗೂ ಬರುತ್ತದಾ ಅಂತ. ಇದಕ್ಕೆ ಬೇಕಾದ ಉತ್ತರ ನಮ್ಮ ಹತ್ತಿರ ಇತ್ತು, ಯಾಕೆಂದರೆ ಎರಡನೇ ಕರೆಯಲ್ಲೇ ಅವರು "ನಿಮ್ಮ ತಂದೆಯ ರಕ್ತದಲ್ಲಿ ಜೀನ್ ಪರೀಕ್ಷೆ ಮಾಡಿಸಲು ಡಾಕ್ಟರನ್ನು ಕೇಳಿ" ಅಂದಿದ್ದರು. ಬಿಆರ್‌ಸಿಎಯಂಥ ಜೀನ್‌ನಲ್ಲಿ ದೋಷ ಇದ್ದರೆ ಅಪ್ಪನಿಗೆ ಬೇರೆ ಔಷಧದ ದಾರಿ ತೆರೆಯುತ್ತಿತ್ತು, ನಮಗೂ ಎಚ್ಚರಿಕೆ ಸಿಗುತ್ತಿತ್ತು. ಅಪ್ಪನಲ್ಲಿ ಅಂಥ ದೋಷ ಸಿಗಲಿಲ್ಲ. ನಮ್ಮ ಮನೆತನದಲ್ಲಿ ಬೇರೆ ಯಾರಿಗೂ ಈ ಕ್ಯಾನ್ಸರ್ ಬಂದಿಲ್ಲ. ಹಾಗಿರುವಾಗ ನಾನೂ ತಮ್ಮನೂ ವರ್ಷವರ್ಷ ಸ್ಕ್ಯಾನ್ ಮಾಡಿಸುವ ಅಗತ್ಯ ಇಲ್ಲ, ತಮ್ಮ ಸಿಗರೇಟ್ ಬಿಟ್ಟರೆ ಅದೇ ದೊಡ್ಡದು, ಸೇದುವವರಿಗೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಸೇದದವರಿಗಿಂತ ಸುಮಾರು ಎರಡು ಪಟ್ಟು ಅಂದರು. ತಮ್ಮ ಬಿಟ್ಟು ಇವತ್ತಿಗೆ 71 ದಿನ. ಕಾಯಿಲೆ ಬಂದವರು ಬದುಕಿರುವಾಗಲೇ ಆ ರಕ್ತ ಪರೀಕ್ಷೆ ಮಾಡಿಸಿಡಿ. ಆಮೇಲೆ ಅದನ್ನು ಮಾಡಿಸುವುದು ಕಷ್ಟ.